ಅನರ್ಹರ ಪಟ್ಟಿಯಲ್ಲಿ 1,235 ಹೆಸರು: ಒಂದು ಗೃಹ ನಿರ್ಮಾಣ ಸಹಕಾರ ಸಂಘದ ಚುನಾವಣೆ ತಕರಾರು

2018ರ ನವೆಂಬರ್ ಕೊನೆಯ ವಾರ. ಸಂಜೆ ಆರರ ಹೊತ್ತಿಗೆ ಹಿರಿಯ ಮಹಿಳೆಯೊಬ್ಬರು ನಮ್ಮ ವಕೀಲಿ ಆಫೀಸಿಗೆ ಬಂದರು. ಹಾಸನದಿಂದ ಬೆಳಗ್ಗೆಯೇ ಬಸ್ಸು ಹತ್ತಿದ್ದರಂತೆ. ವಯಸ್ಸು ಎಪ್ಪತ್ತು ದಾಟಿತ್ತು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದವರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಹಳೇ ಬಿಸ್ಕತ್ತಿನ ಡಬ್ಬಿ, ಡಬ್ಬಿಯ ತುಂಬ ರಸೀದಿಗಳು.

ರಸೀದಿಗಳನ್ನು ವರ್ಷದ ಪ್ರಕಾರ ಜೋಡಿಸಿ ದಾರ ಕಟ್ಟಿದ್ದರು. ಮೊದಲನೆಯದು 1989ರದ್ದು, ಷೇರು ಹಣ ಕಟ್ಟಿದ್ದಕ್ಕೆ. ಕೊನೆಯದು 1996ರದ್ದು, ಮೂವತ್ತು-ನಲವತ್ತರ ಸೈಟಿನ ಕೊನೆಯ ಕಂತಿಗೆ. ಒಟ್ಟು ಕಟ್ಟಿದ್ದು 48,000 ರೂಪಾಯಿ. ಆ ಕಾಲದ ಮೇಷ್ಟ್ರ ಸಂಬಳದಲ್ಲಿ ಅದು ಎಷ್ಟು ದೊಡ್ಡ ಮೊತ್ತ ಅಂತ ಬೇರೆ ಹೇಳಬೇಕಾಗಿಲ್ಲ. ಸೈಟು ಮಾತ್ರ ಬಂದಿರಲಿಲ್ಲ.

"ಸೈಟಿನ ವಿಷಯ ಆಮೇಲೆ ನೋಡೋಣ ಸಾರ್," ಅಂದರು. "ಈಗ ನನಗೆ ವೋಟೇ ಇಲ್ಲ ಅಂತಿದ್ದಾರೆ. ಮೊದಲು ಅದನ್ನು ಕೇಳಿ."

ಈ ಪ್ರಕರಣವನ್ನು ವಿವರವಾಗಿ ಬರೆದಿಡಬೇಕು ಅಂತ ನನಗೆ ಆಗಿನಿಂದಲೂ ಇತ್ತು. ಸಂಘದ ಹೆಸರು, ಬಡಾವಣೆಯ ಹೆಸರು, ಯಾರ ಹೆಸರೂ ಇಲ್ಲಿ ಹೇಳುವುದಿಲ್ಲ. ಆ ಮಹಿಳೆಯನ್ನು ಟೀಚರ್ ಅಂತಲೇ ಕರೆಯುತ್ತೇನೆ. ನಮ್ಮ ಆಫೀಸಿನಲ್ಲೂ ಎಲ್ಲರೂ ಹಾಗೇ ಕರೆಯುತ್ತಿದ್ದೆವು.

ಸಂಘ ಯಾವ ಥರದ್ದು

ಗೃಹ ನಿರ್ಮಾಣ ಸಹಕಾರ ಸಂಘ ಅಂದರೆ ಮುಂಬೈ ಕಡೆಯವರಿಗೆ ಕಣ್ಣಮುಂದೆ ಬರುವುದು ಒಂದು ಕಟ್ಟಡ. ಅಲ್ಲಿನ ಫ್ಲ್ಯಾಟಿನವರೇ ಸದಸ್ಯರು, ದಿನಾ ಲಿಫ್ಟಿನಲ್ಲಿ ಮುಖ ನೋಡುವವರು. ನಮ್ಮಲ್ಲಿ ಹಾಗಲ್ಲ. ಇಲ್ಲಿ ಸಂಘದ ಕೆಲಸ ಹೆಚ್ಚಾಗಿ ಜಮೀನು ತೆಗೆದುಕೊಂಡು, ಬಡಾವಣೆ ಮಾಡಿ, ಸೈಟು ಹಂಚುವುದು. ಸದಸ್ಯರು ಊರೂರಲ್ಲಿ ಚದುರಿರುತ್ತಾರೆ. ವರ್ಗವಾಗಿ ಹೋದವರು, ನಿವೃತ್ತರಾಗಿ ಸ್ವಂತ ಊರಿಗೆ ಮರಳಿದವರು, ಮಕ್ಕಳ ಜೊತೆ ಇರುವವರು. ಒಬ್ಬರಿಗೊಬ್ಬರು ಗೊತ್ತೇ ಇರುವುದಿಲ್ಲ. ಇವರನ್ನೆಲ್ಲ ಒಟ್ಟಿಗೆ ಹಿಡಿದಿಟ್ಟಿರುವುದು ಒಂದು ಸದಸ್ಯತ್ವ ಸಂಖ್ಯೆ ಮತ್ತು ವರ್ಷಕ್ಕೊಮ್ಮೆ ಬರಬೇಕಾದ ಒಂದು ಪತ್ರ.

ಈ ಪದ್ಧತಿಗೆ ನಮ್ಮಲ್ಲಿ ದೊಡ್ಡ ಹಿನ್ನೆಲೆ ಇದೆ. ದೇಶದ ಮೊದಲ ಗೃಹ ನಿರ್ಮಾಣ ಸಹಕಾರ ಸಂಘ 1909ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಕೆಟ್ಟ ಹೆಸರು ಬಂದದ್ದೂ ಇಲ್ಲೇ. ಬೆಂಗಳೂರಿನ ಗೃಹ ನಿರ್ಮಾಣ ಸಂಘಗಳ ಬಗ್ಗೆ ಜಿ.ವಿ.ಕೆ. ರಾವ್ ಸಮಿತಿ ವಿಚಾರಣೆ ನಡೆಸಿದಾಗ, ಅರ್ಹತೆಯೇ ಇಲ್ಲದವರನ್ನು ಸದಸ್ಯರನ್ನಾಗಿ ಮಾಡಿಕೊಂಡದ್ದು ಮತ್ತು ಮಧ್ಯವರ್ತಿಗಳ ಜೊತೆಗಿನ ವ್ಯವಹಾರ ಹೊರಬಿತ್ತು. 1995ರಲ್ಲಿ ಎಚ್‌ಎಂಟಿ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ, ಸಂಘಕ್ಕಾಗಿ ನಡೆದಿದ್ದ ಭೂಸ್ವಾಧೀನ ರದ್ದಾದದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಂದರೆ ಸದಸ್ಯತ್ವ ಯಾರಿಗೆ, ಸಂಘ ಯಾರ ಕೈಯಲ್ಲಿ ಅನ್ನುವ ಪ್ರಶ್ನೆ ನಮ್ಮಲ್ಲಿ ಹೊಸದೇನಲ್ಲ. ಪ್ರಶ್ನೆ ಯಾವಾಗಲೂ ಭೂಮಿಯದ್ದೇ.

ಟೀಚರ್ ಅವರ ಸಂಘವೂ ಇದೇ ಜಾತಿಯದ್ದು. ಮೊದಲ ಬಡಾವಣೆ ಆಗಿತ್ತು, ಅರ್ಧ ಜನಕ್ಕೆ ಸೈಟು ಸಿಕ್ಕಿತ್ತು. ಎರಡನೇ ಬಡಾವಣೆ ಇಪ್ಪತ್ತು ವರ್ಷದಿಂದ ನಿಂತಲ್ಲೇ ನಿಂತಿತ್ತು. ಅಷ್ಟರಲ್ಲಿ ಆ ಜಮೀನಿನ ಬೆಲೆ ಎಲ್ಲಿಂದ ಎಲ್ಲಿಗೋ ಹೋಗಿತ್ತು. ಮುಂದಿನ ಆಡಳಿತ ಮಂಡಳಿಯೇ ಆ ಸೈಟುಗಳನ್ನು ಹಂಚಬೇಕಿತ್ತು. ಇಷ್ಟು ಹೇಳಿದರೆ ಚುನಾವಣೆಗೆ ಅಷ್ಟೊಂದು ಜಿದ್ದು ಯಾಕೆ ಅಂತ ಗೊತ್ತಾಗುತ್ತೆ.

ಪಟ್ಟಿ ಹೇಗೆ ತಯಾರಾಯಿತು

ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಸೆಕ್ಷನ್ 20ರ ಪ್ರಕಾರ ಸದಸ್ಯನಿಗೆ ಒಂದೇ ವೋಟು, ಷೇರು ಎಷ್ಟೇ ಇರಲಿ. ಅದೇ ಸೆಕ್ಷನ್ನಿನ ಕೆಳಗೆ ಯಾರಿಗೆ ವೋಟಿಲ್ಲ ಅನ್ನುವ ಪಟ್ಟಿಯೂ ಇದೆ. ಸುಸ್ತಿದಾರರಿಗೆ, ಅಂದರೆ ಬಾಕಿ ಕಟ್ಟದವರಿಗೆ, ಇಲ್ಲ. ನಾಮಮಾತ್ರ ಸದಸ್ಯರಿಗೆ ಇಲ್ಲ. ಸಹಕಾರ ಸಂಘಗಳಿಗೆ ಸಂಬಂಧಿಸಿದ 97ನೇ ಸಂವಿಧಾನ ತಿದ್ದುಪಡಿ 2012ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮೇಲೆ ರಾಜ್ಯದ ಕಾಯ್ದೆಗೂ ತಿದ್ದುಪಡಿ ಬಂತು. ಕಳೆದ ಐದು ವಾರ್ಷಿಕ ಮಹಾಸಭೆಗಳ ಹಾಜರಿ ಲೆಕ್ಕಕ್ಕೆ ಬಂತು. ಕಾಯ್ದೆ ಹೇಳುವಷ್ಟು ಸಭೆಗೆ ಬರದಿದ್ದರೆ ಆಗ ವೋಟು ಹಾಕುವಂತಿರಲಿಲ್ಲ.

ಉದ್ದೇಶ ಒಳ್ಳೆಯದೇ. ಸಂಘದ ಕಡೆ ತಲೆಯೇ ಹಾಕದವರು ಚುನಾವಣೆ ದಿನ ಮಾತ್ರ ಬಸ್ಸಿನಲ್ಲಿ ಬಂದಿಳಿಯುವುದು ತಪ್ಪಬೇಕು. ಆದರೆ ಸಭೆಗೆ ಬರಬೇಕಾದರೆ ಸಭೆ ಇದೆ ಅಂತ ಗೊತ್ತಾಗಬೇಕಲ್ವಾ? ನೋಟಿಸ್ ಕಳಿಸುವುದು ಆಡಳಿತ ಮಂಡಳಿ. ಹಾಜರಿ ಪುಸ್ತಕ ಇಟ್ಟುಕೊಳ್ಳುವುದೂ ಅದೇ. ಯಾರು ಬಂದಿಲ್ಲ ಅಂತ ಲೆಕ್ಕ ಹಾಕುವುದು ಅದರ ಕೈಕೆಳಗಿನ ಕಾರ್ಯದರ್ಶಿ. ಚುನಾವಣೆ ನಡೆಸುವುದು ಸಹಕಾರ ಚುನಾವಣಾ ಪ್ರಾಧಿಕಾರ, ನಿಜ. ಆದರೆ ಪ್ರಾಧಿಕಾರದ ಮುಂದೆ ಹೋಗುವ ಮೂಲ ಪಟ್ಟಿ ಸಂಘದ ಆಫೀಸಿನಲ್ಲೇ ಹುಟ್ಟುತ್ತದೆ.

ಕರಡು ಪಟ್ಟಿ ಹೀಗಿತ್ತು. ಒಟ್ಟು ಸದಸ್ಯರು 1,846. ಅರ್ಹರು 611. ಅನರ್ಹರು 1,235. ಟೀಚರ್ ಹೆಸರು ಅನರ್ಹರಲ್ಲಿತ್ತು. ಕಾರಣದ ಕಾಲಮ್ಮಿನಲ್ಲಿ ಒಂದೇ ಪದ: "ಗೈರು". 2014ರಿಂದ 2018ರವರೆಗೆ ಐದೂ ವರ್ಷ ಗೈರು.

"ಐದು ವರ್ಷದಲ್ಲಿ ಸಭೆಯ ಪತ್ರ ಎಷ್ಟು ಬಂದಿದೆ ಟೀಚರ್?" ಅಂತ ಕೇಳಿದೆ.

"ಒಂದು," ಅಂದರು. ಡಬ್ಬಿಯ ತಳದಿಂದ ಲಕೋಟೆ ತೆಗೆದುಕೊಟ್ಟರು. 2016ರ ಮಹಾಸಭೆಯ ನೋಟಿಸ್. ಸಭೆ ಸೆಪ್ಟೆಂಬರ್ 18, ಭಾನುವಾರ, ಬೆಳಗ್ಗೆ ಹತ್ತೂವರೆಗೆ. ಲಕೋಟೆಯ ಮೇಲಿನ ಅಂಚೆ ಮುದ್ರೆಯನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಮುದ್ರೆಯ ಒಂದು ಅಂಚು ಮಾಸಿತ್ತು. ತಾರೀಕು ಮಾತ್ರ ಸ್ಪಷ್ಟವಾಗಿತ್ತು: 20. ಸಭೆ ಮುಗಿದ ಎರಡು ದಿನಕ್ಕೆ ಪತ್ರ ಅಂಚೆಗೆ ಬಿದ್ದಿತ್ತು.

ಈ ಮಹಾತಾಯಿ ಬರೀ ಪತ್ರ ಇಟ್ಟುಕೊಂಡಿರಲಿಲ್ಲ, ಲಕೋಟೆಯನ್ನೂ ಇಟ್ಟುಕೊಂಡಿದ್ದರು. ನೂರಕ್ಕೆ ತೊಂಬತ್ತೊಂಬತ್ತು ಜನ ಲಕೋಟೆ ಹರಿದು ಬಿಸಾಡುತ್ತೇವೆ. ಈ ಪ್ರಕರಣಕ್ಕೆ ಜೀವ ಬಂದದ್ದು ಆ ಲಕೋಟೆಯಿಂದ.

ಕಾಗದ ಹುಡುಕಿದ ಕಥೆ

ಒಂದು ಲಕೋಟೆ ಒಬ್ಬರ ಕಥೆ ಹೇಳುತ್ತೆ. 1,235 ಜನರ ಕಥೆ ಹೇಳಬೇಕಾದರೆ ಸಂಘದ ದಾಖಲೆ ಬೇಕು. ಟೀಚರ್ ಮತ್ತು ಇನ್ನು ಕೆಲವರು ಮಾಹಿತಿ ಹಕ್ಕಿನಡಿ ಸಂಘಕ್ಕೇ ಅರ್ಜಿ ಹಾಕಿದ್ದರು. "ನಮಗೆ ಆ ಕಾಯ್ದೆ ಅನ್ವಯಿಸುವುದಿಲ್ಲ" ಅಂತ ಉತ್ತರ ಬಂದಿತ್ತು. ಕಾನೂನಿನ ಪ್ರಕಾರ ಆ ಉತ್ತರ ತಪ್ಪಲ್ಲ. 2013ರಲ್ಲಿ ಕೇರಳದ ತಲಪ್ಪಾಲಂ ಸಹಕಾರ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ: ಸರ್ಕಾರದ ಗಣನೀಯ ನೆರವು ಅಥವಾ ಹಿಡಿತ ಇಲ್ಲದ ಸಹಕಾರ ಸಂಘ ಮಾಹಿತಿ ಹಕ್ಕು ಕಾಯ್ದೆಯ ಅರ್ಥದಲ್ಲಿ ಸಾರ್ವಜನಿಕ ಪ್ರಾಧಿಕಾರವಲ್ಲ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಬಾಗಿಲು ತೆರೆದಿದೆ. ನಿಬಂಧಕರು, ಅಂದರೆ ಸಹಕಾರ ಸಂಘಗಳ ರಿಜಿಸ್ಟ್ರಾರ್, ಸರ್ಕಾರಿ ಅಧಿಕಾರಿ. ಕಾನೂನಿನ ಪ್ರಕಾರ ಅವರು ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ಅವರ ಕಡೆಯಿಂದ ಕೇಳಬಹುದು.

ಹಾಗಾಗಿ ಅರ್ಜಿಯನ್ನು ನಿಬಂಧಕರ ಕಚೇರಿಗೆ ಹಾಕಿದೆವು. ಅಲ್ಲಿಂದ ಐದು ವರ್ಷದ ಮಹಾಸಭೆಯ ನಡಾವಳಿ, ಆಡಿಟ್ ವರದಿ, ಮತ್ತು ನೋಟಿಸ್ ಕಳಿಸಿದ್ದಕ್ಕೆ ಸಂಘ ಸಲ್ಲಿಸಿದ್ದ ಪುರಾವೆ ಬಂತು. ಪುರಾವೆ ಅಂದರೆ ಸದಸ್ಯರ ವಿಳಾಸಗಳ ಉದ್ದ ಪಟ್ಟಿ, ಮೇಲೆ "ಸರ್ಟಿಫಿಕೇಟ್ ಆಫ್ ಪೋಸ್ಟಿಂಗ್" ಅಂತ ಅಚ್ಚು, ಕೊನೆಯಲ್ಲಿ ಒಂದು ದುಂಡು ಮುದ್ರೆ. ಐದು ವರ್ಷಕ್ಕೆ ಐದು ಕಟ್ಟು.

ನಾನು ಆ ಕಟ್ಟುಗಳನ್ನು ಎರಡು ಸಲ ತಿರುವಿದೆ. ನನಗೇನೂ ಹೊಳೆಯಲಿಲ್ಲ. ನಮ್ಮ ಆಫೀಸಿನ ಗುಮಾಸ್ತರು ಮೂವತ್ತು ವರ್ಷದಿಂದ ಇರುವವರು. ಹಿಂದೆ ನೋಟಿಸುಗಳ ಕಂತೆ ಹಿಡಿದು ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ಇದೇ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದವರು. ಅವರು ಕಾಗದ ಎತ್ತಿ ನೋಡಿ, "ಇದನ್ನು ನಿಲ್ಲಿಸಿ ಎಷ್ಟೋ ವರ್ಷ ಆಯ್ತಲ್ಲಾ ಸಾರ್?" ಅಂದರು.

ನಿಜ. ಪತ್ರ ಅಂಚೆಗೆ ಹಾಕಿದ್ದಕ್ಕೆ ಮುದ್ರೆ ಒತ್ತಿಕೊಡುವ ಆ ಸೌಲಭ್ಯವನ್ನು ಅಂಚೆ ಇಲಾಖೆ 2011ರಲ್ಲೇ ನಿಲ್ಲಿಸಿದೆ. ಇಲ್ಲದ ಸೌಲಭ್ಯದ ಪ್ರಮಾಣಪತ್ರ 2014ರಲ್ಲಿ, 2015ರಲ್ಲಿ, 2018ರಲ್ಲಿ ಎಲ್ಲಿಂದ ಬರಬೇಕು?

ಇದನ್ನು ಫೋನಿನಲ್ಲಿ ಹೇಳಿದಾಗ ಟೀಚರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು, "ಆಡಿಟ್ ವರದಿಯಲ್ಲಿ ಅಂಚೆ ಖರ್ಚು ಎಷ್ಟು ತೋರಿಸಿದ್ದಾರೆ?" 2016–17ರ ಸಾಲಿನಲ್ಲಿ 2,140 ರೂಪಾಯಿ ಇತ್ತು. ಅವರು ಲೆಕ್ಕ ಮಾಡಲು ಎರಡು ಕ್ಷಣವೂ ತೆಗೆದುಕೊಳ್ಳಲಿಲ್ಲ. ಸಾದಾ ಲಕೋಟೆಗೆ ಐದು ರೂಪಾಯಿ ಸ್ಟಾಂಪು. 1,846 ಜನಕ್ಕೆ 9,230 ರೂಪಾಯಿ ಆಗಬೇಕು. 2,140 ರೂಪಾಯಿಗೆ 428 ಲಕೋಟೆ. ಅದೂ ಇಡೀ ವರ್ಷ ಬೇರೆ ಯಾವ ಪತ್ರವೂ ಹೋಗದಿದ್ದರೆ. "ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ನಾನು ಸೊನ್ನೆ ಕೊಡ್ತಿದ್ದೆ ಸಾರ್," ಅಂದರು. ಅವರ ದನಿಯಲ್ಲಿ ಅವತ್ತು ಮೊದಲ ಸಲ ಸಿಟ್ಟು ಕೇಳಿದೆ.

ಯಾವ ಬಾಗಿಲು ತಟ್ಟಬೇಕು

ಟೀಚರ್ ನಮ್ಮ ಹತ್ತಿರ ಬರುವ ಮೊದಲೇ ಬೇರೆ ಹನ್ನೆರಡು ಸದಸ್ಯರು ಸಿವಿಲ್ ಕೋರ್ಟಿಗೆ ಹೋಗಿದ್ದರು. ದಾವೆ ಹಾಕಿ ತಡೆಯಾಜ್ಞೆ ಕೇಳಿದ್ದರು. ಮೂರು ವಾರ ಕಳೆದ ಮೇಲೆ ದಾವೆ ತಿರಸ್ಕಾರವಾಯಿತು. ಸಹಕಾರ ಸಂಘದ ಒಳಗಿನ ತಕರಾರು, ಚುನಾವಣೆಯ ತಕರಾರೂ ಸೇರಿ, ಸೆಕ್ಷನ್ 70ರ ಪ್ರಕಾರ ನಿಬಂಧಕರ ಮುಂದೆ ಹೋಗಬೇಕು. ಸಿವಿಲ್ ಕೋರ್ಟ್ ಕೈ ಹಾಕುವಂತಿಲ್ಲ ಅಂತ ಸೆಕ್ಷನ್ 118 ಹೇಳುತ್ತೆ. ಆ ಮೂರು ವಾರ ಅವರಿಗೆ ವಾಪಸ್ ಸಿಗಲಿಲ್ಲ. ಇದನ್ನು ನೋಡಿದಾಗ ನನಗೆ ಬಹಳ ಸಂಕಟವಾಗುತ್ತೆ, ಯಾಕೆಂದರೆ ಸಹಕಾರ ಚುನಾವಣೆಯ ಕೇಸಿನಲ್ಲಿ ದಿನಗಳೇ ಎಲ್ಲ.

ನಾವು ಮೊದಲು ಮಾಡಿದ್ದು ಲಿಖಿತ ಆಕ್ಷೇಪಣೆ. ಕಾರ್ಯದರ್ಶಿಗೆ ಒಂದು, ಚುನಾವಣಾ ಪ್ರಾಧಿಕಾರಕ್ಕೆ ಒಂದು. ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು. ಒಂದು ವಾರ ಕಾದೆವು. ಸಂಘದಿಂದ ಎರಡು ಸಾಲಿನ ಉತ್ತರ ಬಂತು: ದಾಖಲೆ ಪ್ರಕಾರ ಗೈರು, ಆಕ್ಷೇಪಣೆ ತಳ್ಳಿಹಾಕಲಾಗಿದೆ. ಅದನ್ನು ಹಿಡಿದು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದೆವು.

ಇಲ್ಲಿ ಒಂದು ತೊಡಕಿದೆ. ಚುನಾವಣೆಯ ಪ್ರಕ್ರಿಯೆ ಶುರುವಾದ ಮೇಲೆ ಕೋರ್ಟ್ ಮಧ್ಯೆ ಬರುವುದಿಲ್ಲ ಅನ್ನುವುದು ಸುಪ್ರೀಂ ಕೋರ್ಟಿನ 1952ರ ಪೊನ್ನುಸ್ವಾಮಿ ತೀರ್ಪಿನಿಂದ ಬಂದ ಮಾತು. ಮತದಾರರ ಪಟ್ಟಿ ತಯಾರಿಯೂ ಚುನಾವಣಾ ಪ್ರಕ್ರಿಯೆಯ ಒಂದು ಹಂತ ಅಂತ ಮಹಾರಾಷ್ಟ್ರದ ಒಂದು ಹಾಲು ಉತ್ಪಾದಕರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ. ಎದುರು ಪಕ್ಷದ ವಕೀಲರು ಎರಡನ್ನೂ ಓದಿದರು. ನಮ್ಮ ಉತ್ತರ ಸರಳವಾಗಿತ್ತು. ಚುನಾವಣಾ ವೇಳಾಪಟ್ಟಿ ಇನ್ನೂ ಹೊರಟಿಲ್ಲ. ನಾವು ಚುನಾವಣೆ ನಿಲ್ಲಿಸಿ ಅಂತ ಕೇಳುತ್ತಿಲ್ಲ, ಅದರಲ್ಲಿ ಭಾಗವಹಿಸಲು ಬಿಡಿ ಅಂತ ಕೇಳುತ್ತಿದ್ದೇವೆ. ನೋಟಿಸೇ ಕೊಡದೆ ಗೈರು ಅಂತ ಬರೆಯುವುದು, ವಿವರಣೆಯನ್ನೇ ಕೇಳದೆ ಹೆಸರು ತೆಗೆಯುವುದು, ಇದು ಪಟ್ಟಿಯ ಸಣ್ಣಪುಟ್ಟ ತಪ್ಪಲ್ಲ.

ನ್ಯಾಯಮೂರ್ತಿಗಳು ಮೊದಲು ಕೇಳಿದ್ದು ಲಕೋಟೆ. ಕೈಗೆ ತೆಗೆದುಕೊಂಡು ಮುದ್ರೆ ನೋಡಿದರು. ಆಮೇಲೆ ಅಂಚೆ ಪ್ರಮಾಣಪತ್ರದ ಬಗ್ಗೆ ಸಂಘದ ವಕೀಲರನ್ನು ಕೇಳಿದರು. ಹಳೇ ಫಾರಂ ಬಳಸಿಬಿಟ್ಟಿದ್ದಾರೆ, ನಿಜವಾಗಿ ಕಳಿಸಿದ್ದು ಸಾದಾ ಅಂಚೆಯಲ್ಲಿ ಅಂತ ಉತ್ತರ ಬಂತು. ಹಾಗಾದರೆ ಅಂಚೆ ಖರ್ಚು? ಅದಕ್ಕೆ ಉತ್ತರ ಇರಲಿಲ್ಲ.

ಅವತ್ತೇ ಮಧ್ಯಂತರ ಆದೇಶವಾಯಿತು. ಅರ್ಜಿದಾರರಿಗೆ ವೋಟು ಹಾಕಲು ಬಿಡಬೇಕು. ಅವರ ಮತಪತ್ರಗಳನ್ನು ಬೇರೆ ಪೆಟ್ಟಿಗೆಯಲ್ಲಿ ಹಾಕಿ ಸೀಲು ಮಾಡಿಡಬೇಕು, ಎಣಿಸಬಾರದು. ಕೋರ್ಟ್ ಅನುಮತಿ ಇಲ್ಲದೆ ಫಲಿತಾಂಶ ಘೋಷಿಸಬಾರದು. ನಮ್ಮ ರಾಜ್ಯದ ಸಹಕಾರ ಚುನಾವಣೆಗಳಲ್ಲಿ ಈ ಬಗೆಯ ಆದೇಶ ಅಪರೂಪವೇನಲ್ಲ.

ಆದೇಶದ ಒಂದು ಪದ ಮಾತ್ರ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. "ಅರ್ಜಿದಾರರಿಗೆ." ಅಂದರೆ ಕೋರ್ಟಿಗೆ ಬಂದವರಿಗೆ ಮಾತ್ರ. ನಾವು ಹತ್ತು ದಿನ ಫೋನು ಮಾಡಿ, ವಾಟ್ಸ್ಆಪ್‌ನಲ್ಲಿ ಕೇಳಿ, ಊರೂರಿಂದ ವಕಾಲತ್ತಿಗೆ ಸಹಿ ತರಿಸಿ ಒಟ್ಟುಗೂಡಿಸಿದ್ದು 143 ಜನ. ಉಳಿದ 1,092 ಜನಕ್ಕೆ ತಮ್ಮ ಹೆಸರು ಹೋಗಿದೆ ಅನ್ನುವುದೇ ಗೊತ್ತಿರಲಿಲ್ಲ. ಅವರ ಹಕ್ಕೂ ಅಷ್ಟೇ ಗಟ್ಟಿಯಾದದ್ದು, ಅವರ ಹಣವೂ ಅಷ್ಟೇ ಬೆವರಿನದ್ದು. ಆದರೂ ಅವತ್ತು ಅವರು ಹೊರಗೇ ಉಳಿದರು.

ಎರಡು ಪೆಟ್ಟಿಗೆ

2019ರ ಫೆಬ್ರವರಿಯ ಒಂದು ಭಾನುವಾರ ಮತದಾನ. ಶಾಲೆಯ ಎರಡು ಕೋಣೆ. ಒಂದರಲ್ಲಿ ಅರ್ಹರ ಸಾಲು, ಇನ್ನೊಂದರಲ್ಲಿ ಕೋರ್ಟಿನಿಂದ ಬಂದವರ ಸಾಲು. ಎರಡನೇ ಸಾಲಿನಲ್ಲಿ ಜಾಸ್ತಿ ಇದ್ದವರು ವಯಸ್ಸಾದವರು. ಒಬ್ಬರನ್ನು ಮಗ ಗಾಲಿಕುರ್ಚಿಯಲ್ಲಿ ಕರೆತಂದಿದ್ದ. 143ರಲ್ಲಿ 129 ಜನ ಬಂದರು. ಟೀಚರ್ ಬೆಳಗ್ಗೆ ಏಳೂವರೆಗೇ ಬಂದು ಗೇಟಿನ ಹೊರಗೆ ನಿಂತಿದ್ದರು. ಹಿಂದಿನ ರಾತ್ರಿಯೇ ಬೆಂಗಳೂರಿಗೆ ಬಂದು ನೆಂಟರ ಮನೆಯಲ್ಲಿ ಉಳಿದಿದ್ದರು.

611 ಅರ್ಹರಲ್ಲಿ 538 ಜನ ವೋಟು ಹಾಕಿದರು. ಆ ಪೆಟ್ಟಿಗೆಯನ್ನು ಎಣಿಸಿದರು, ಘೋಷಿಸಲಿಲ್ಲ. ಏಜೆಂಟರು ಅಲ್ಲೇ ಇದ್ದುದರಿಂದ ಅಂಕಿ ಎಲ್ಲರಿಗೂ ಗೊತ್ತಾಯಿತು. 15 ಸ್ಥಾನಗಳಲ್ಲೂ ಹಳೇ ತಂಡವೇ ಮುಂದು. ಆದರೆ ಒಂಬತ್ತು ಸ್ಥಾನಗಳಲ್ಲಿ ಅಂತರ ನೂರರ ಒಳಗೆ. ಇನ್ನೊಂದು ಪೆಟ್ಟಿಗೆಯಲ್ಲಿ 129 ಮತ.

ಹಳೇ ಮಂಡಳಿಯ ಅವಧಿ ಮುಗಿದಿದ್ದರಿಂದ ಆಡಳಿತಾಧಿಕಾರಿ ಬಂದು ಕೂತರು. ಎಂಟು ತಿಂಗಳು ಸಂಘ ಹಾಗೇ ನಡೆಯಿತು. ಅಕ್ಟೋಬರಿನಲ್ಲಿ ರಿಟ್ ಅರ್ಜಿಯ ಅಂತಿಮ ಆದೇಶ ಬಂತು. ಸಭೆಯ ನೋಟಿಸ್ ತಲುಪಿದ್ದಕ್ಕೆ ಪುರಾವೆ ಇಲ್ಲ, ಹೆಸರು ತೆಗೆಯುವ ಮೊದಲು ಸದಸ್ಯರ ವಿವರಣೆ ಕೇಳಿಲ್ಲ, ಆದ್ದರಿಂದ ಅರ್ಜಿದಾರರ ಮತ ಎಣಿಸಿ ಫಲಿತಾಂಶ ಘೋಷಿಸಿ ಅಂತ. ಎರಡನೇ ಪೆಟ್ಟಿಗೆ ತೆರೆದಾಗ 117 ಮತ ಹೊಸ ತಂಡದ ಕಡೆಗಿದ್ದವು. ಒಂಬತ್ತು ಸ್ಥಾನ ಬದಲಾದವು. ಸಂಘದ ಆಡಳಿತ ಬದಲಾಯಿತು.

ಸದಸ್ಯತ್ವದ ಇನ್ನೊಂದು ಎಳೆ

611 ಅರ್ಹರ ಪಟ್ಟಿಯಲ್ಲೇ ಇನ್ನೊಂದು ಗಂಟಿತ್ತು. ಅದರಲ್ಲಿ 187 ಜನ 2017ರ ಆಗಸ್ಟಿನಲ್ಲಿ, ಒಂದೇ ಆಡಳಿತ ಮಂಡಳಿ ಸಭೆಯಲ್ಲಿ, ಒಂದೇ ಠರಾವಿನಲ್ಲಿ ಸದಸ್ಯರಾದವರು. ಬೈಲಾ ಪ್ರಕಾರ ಸದಸ್ಯರಾಗುವವರು ಸಂಘದ ಕಾರ್ಯವ್ಯಾಪ್ತಿಯಲ್ಲಿ ವಾಸ ಇರಬೇಕು. ನಗರದಲ್ಲಿ ಬೇರೆ ಸೈಟಿಲ್ಲ ಅಂತ ಪ್ರಮಾಣಪತ್ರ ಕೊಡಬೇಕು. ನಾವು ಅರ್ಜಿಗಳ ನಕಲು ನೋಡಿದೆವು. 41 ಅರ್ಜಿಗಳಲ್ಲಿ ಒಂದೇ ಮನೆ ಸಂಖ್ಯೆ. ಬರವಣಿಗೆಯೂ ಒಂದೇ ಕೈಯದ್ದು. "ಳ" ಬರೆಯುವಾಗ ಕೊನೆಗೆ ಎಳೆಯುವ ಒಂದು ಬಾಲ ಎಲ್ಲದರಲ್ಲೂ ಇತ್ತು.

ರಿಟ್ ಅರ್ಜಿಯಲ್ಲಿ ಇದನ್ನೂ ಎತ್ತಿದ್ದೆವು. ಸಾಕ್ಷಿ ವಿಚಾರಣೆ ಬೇಕಾಗುವ ಸಂಗತಿ, ಸೆಕ್ಷನ್ 70ರ ಅಡಿ ಹೋಗಿ ಅಂತ ಹೈಕೋರ್ಟ್ ಹೇಳಿತು. ಸರಿಯಾದ ಮಾತೇ. ಬರೀ ಪ್ರಮಾಣಪತ್ರಗಳ ಮೇಲೆ ಯಾರು ನಿಜವಾದ ಸದಸ್ಯ ಅಂತ ತೀರ್ಮಾನ ಮಾಡಲಾಗುವುದಿಲ್ಲ. 187 ಜನರಲ್ಲಿ ನಿಜವಾಗಿಯೂ ಸೈಟಿಗಾಗಿ ಬಂದ ಬಡವರೂ ಇರಬಹುದಲ್ಲ. ಬೇರೆ ತಕರಾರು ಅರ್ಜಿ ಹಾಕಿದೆವು, ಸೆಕ್ಷನ್ 64ರ ಅಡಿ ವಿಚಾರಣೆಗೂ ಕೇಳಿಕೊಂಡೆವು. ವಿಚಾರಣಾಧಿಕಾರಿ ಆ ಮನೆ ಸಂಖ್ಯೆ ಹುಡುಕಿಕೊಂಡು ಹೋದರು. ಅಲ್ಲಿ ಇದ್ದದ್ದು ಸಿಮೆಂಟು ಮೂಟೆ ಇಡುವ ಒಂದು ಷೆಡ್ಡು. ಆ 41 ಸದಸ್ಯತ್ವ ರದ್ದಾದವು. ಉಳಿದವರ ಪೈಕಿ ಹಲವರ ವಿಚಾರಣೆ ನಾನು ಇದನ್ನು ಬರೆಯುವಾಗಲೂ ಮುಗಿದಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಒಂದು ಸಂಗತಿಯೂ ಅದೇ ಸಂಘದಲ್ಲಿತ್ತು. ತೀರಿಹೋದ ಒಬ್ಬ ಸದಸ್ಯರು ಮಗಳನ್ನು ನಾಮಿನಿ ಮಾಡಿದ್ದರು. ಆಕೆ ನಾಲ್ಕು ವರ್ಷ ಓಡಾಡಿದರೂ ಸದಸ್ಯತ್ವ ಆಕೆಯ ಹೆಸರಿಗೆ ಆಗಿರಲಿಲ್ಲ. "ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ತಗೊಂಡು ಬಾಮ್ಮ" ಅಂತ ವಾಪಸ್ ಕಳಿಸುತ್ತಿದ್ದರು. 2016ರಲ್ಲಿ ಪಶ್ಚಿಮ ಬಂಗಾಳದ ಇಂದ್ರಾಣಿ ವಾಹಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅಲ್ಲಿನ ಕಾಯ್ದೆಯ ಪ್ರಕಾರ ಸಂಘ ನಾಮಿನಿಯ ಹೆಸರಿಗೆ ವರ್ಗಾಯಿಸಲೇಬೇಕು. ಆಸ್ತಿಯ ಹಕ್ಕಿನ ಬಗ್ಗೆ ಬೇರೆ ವಾರಸುದಾರರಿಗೆ ತಕರಾರಿದ್ದರೆ ಅವರು ಅದನ್ನು ಬೇರೆ ಕಡೆ ಬಗೆಹರಿಸಿಕೊಳ್ಳಲಿ. ಆ ತೀರ್ಪಿನ ನಕಲು ಇಟ್ಟು ಒಂದು ನೋಟಿಸ್ ಕಳಿಸಿದೆವು. ಆಡಳಿತಾಧಿಕಾರಿ ಇದ್ದ ಸಮಯದಲ್ಲಿ ಹದಿನೈದೇ ದಿನದಲ್ಲಿ ಕೆಲಸ ಆಯಿತು. ಒಂದೇ ಸಂಘದ ಬಾಗಿಲು 187 ಜನಕ್ಕೆ ಒಂದೇ ಮಧ್ಯಾಹ್ನ ತೆರೆದಿತ್ತು, ಈ ಹೆಣ್ಣುಮಗಳಿಗೆ ನಾಲ್ಕು ವರ್ಷ ಮುಚ್ಚಿತ್ತು.

ಆಮೇಲಿನ ಐದು ವರ್ಷ

ಸೋತವರು ಸುಮ್ನೆ ಕೂರಲಿಲ್ಲ. ಕೂರಬೇಕು ಅಂತಲೂ ಇಲ್ಲ, ಅವರಿಗೂ ಕಾನೂನು ಇದೆ. ಅವರು ನಿಬಂಧಕರ ಮುಂದೆ ಚುನಾವಣಾ ತಕರಾರು ಹಾಕಿದರು. ಕೋವಿಡ್ ಬಂದು ವಿಚಾರಣೆ ನಿಂತೇ ಹೋಯಿತು. 2021ರ ಜುಲೈ 20ರಂದು ಸುಪ್ರೀಂ ಕೋರ್ಟ್ 97ನೇ ತಿದ್ದುಪಡಿಯ ಸಹಕಾರ ಭಾಗವನ್ನು, ರಾಜ್ಯಗಳ ಅನುಮೋದನೆ ಪಡೆದಿಲ್ಲ ಅನ್ನುವ ಕಾರಣಕ್ಕೆ, ರದ್ದು ಮಾಡಿತು. ಬಹುರಾಜ್ಯ ಸಹಕಾರ ಸಂಘಗಳಿಗೆ ಮಾತ್ರ ಉಳಿಸಿತು. ತಕ್ಷಣ ಹೊಸ ವಾದ ಬಂತು: ಸಂವಿಧಾನದ ಆಧಾರವೇ ಹೋಯಿತು, ಇನ್ನು ಚುನಾವಣಾ ಪ್ರಾಧಿಕಾರ ನಡೆಸಿದ ಚುನಾವಣೆ ನಿಲ್ಲುತ್ತದೆಯೇ ಅಂತ. ಆದರೆ ಪ್ರಾಧಿಕಾರ, ಐದು ವರ್ಷದ ಅವಧಿ, ಎಲ್ಲವೂ ನಮ್ಮ ರಾಜ್ಯದ ಕಾಯ್ದೆಯಲ್ಲೇ ಬರೆದಿವೆ. ಆ ಕಾಯ್ದೆ ರದ್ದಾಗಿರಲಿಲ್ಲ. ಆ ವಾದ ಬಿದ್ದುಹೋಯಿತು.

ನಿಬಂಧಕರ ಆದೇಶ ನಮ್ಮ ಕಡೆ ಆಯಿತು. ಅವರು ಮೇಲ್ಮನವಿ ನ್ಯಾಯಮಂಡಳಿಗೆ ಹೋದರು. ಅಲ್ಲಿ ತಾರೀಕಿನ ಮೇಲೆ ತಾರೀಕು. 2024ರ ಫೆಬ್ರವರಿಗೆ ಮಂಡಳಿಯ ಐದು ವರ್ಷವೇ ಮುಗಿಯಿತು. ಅವಧಿ ಮುಗಿದಿದೆ, ಮೇಲ್ಮನವಿಗೆ ಅರ್ಥ ಉಳಿದಿಲ್ಲ ಅಂತ ಅರ್ಧ ಪುಟದ ಆದೇಶದಲ್ಲಿ ಮುಗಿಸಿದರು. ಚುನಾವಣಾ ತಕರಾರುಗಳು ಎಷ್ಟೋ ಸಲ ಹೀಗೇ ಸಾಯುತ್ತವೆ. ಇದು ನನಗೆ ಸಮಾಧಾನ ಕೊಡಲಿಲ್ಲ, ನಾವು ಗೆದ್ದಿದ್ದರೂ ಕೂಡ. ಮಧ್ಯಂತರ ಆದೇಶ ಸಿಕ್ಕಿರದಿದ್ದರೆ ಇದೇ ಅರ್ಧ ಪುಟ ಟೀಚರ್ ಕೈಗೆ ಬರುತ್ತಿತ್ತು.

ಹೊಸ ಮಂಡಳಿ ಕೆಲವು ಕೆಲಸ ಮಾಡಿತು. ಮಹಾಸಭೆಯ ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಲು ಶುರುಮಾಡಿತು. ಖರ್ಚು ಜಾಸ್ತಿಯಾಯಿತು ಅಂತ ಸದಸ್ಯರೇ ಗೊಣಗಿದರು. ಜ್ಯೇಷ್ಠತಾ ಪಟ್ಟಿಯನ್ನು ಆಫೀಸಿನ ಗೋಡೆಗೆ ಅಂಟಿಸಿತು. ಎರಡನೇ ಬಡಾವಣೆಯ ಮೊದಲ ಹಂತದಲ್ಲಿ ಟೀಚರ್‌ಗೆ ಹಂಚಿಕೆ ಪತ್ರ ಬಂತು. ನೋಂದಣಿ ಇನ್ನೂ ಆಗಿಲ್ಲ.

2023ರ ಕೊನೆಯಲ್ಲಿ ಮತ್ತೆ ಚುನಾವಣೆ ಹತ್ತಿರ ಬಂತು. ಕರಡು ಪಟ್ಟಿ ಬಂತು. ಈ ಸಲ ಅನರ್ಹರು 702. ಕಾರಣದ ಕಾಲಮ್ಮಿನಲ್ಲಿ ಈ ಸಲ "ಬಾಕಿ". ಬಡಾವಣೆಯ ಅಭಿವೃದ್ಧಿ ವೆಚ್ಚ ಅಂತ ಹೆಚ್ಚುವರಿ ಹಣ ಕೇಳಿದ್ದರು, ಕಟ್ಟದವರು ಸುಸ್ತಿದಾರರು. ಟೀಚರ್ ಕಟ್ಟಿದ್ದರು, ಅವರ ಹೆಸರು ಅರ್ಹರಲ್ಲಿತ್ತು. ಅವರೇ ಗೆಲ್ಲಿಸಿದ ತಂಡ ಮಾಡಿದ ಪಟ್ಟಿ ಅದು.

ಆ ವಾರವೇ ಅವರು ಮತ್ತೆ ಆಫೀಸಿಗೆ ಬಂದರು. ಈಗ ಊರುಗೋಲು ಬಂದಿತ್ತು, ಜೊತೆಗೆ ಮೊಮ್ಮಗಳು ಬಂದಿದ್ದಳು. ಪಟ್ಟಿಯ ನಕಲನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಹಲವು ಹೆಸರುಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿದ್ದರು.

"ಇವರಿಗೆಲ್ಲ ಫೋನು ಮಾಡಿದೀನಿ ಸಾರ್. ಇಪ್ಪತ್ತಾರು ಜನ ಸಿಕ್ಕಿದರು. ಹತ್ತೊಂಬತ್ತು ಜನಕ್ಕೆ ಹಣ ಕಟ್ಟಿ ಅನ್ನೋ ಪತ್ರವೇ ಮುಟ್ಟಿಲ್ಲ. ಹಳೇ ವಿಳಾಸಕ್ಕೆ ಹೋಗಿ ವಾಪಸ್ ಬಂದಿದೆ."

"ಟೀಚರ್, ಈ ಪಟ್ಟಿ ಮಾಡಿದವರು ನಿಮ್ಮವರೇ ಅಲ್ವಾ?" ಅಂತ ಕೇಳಿದೆ.

"ಹೌದು, ಅದಕ್ಕೇ ಮೊದಲು ಅಧ್ಯಕ್ಷರ ಹತ್ತಿರ ಹೋಗಿದ್ದೆ. ನೋಡೋಣ ಅಂದರು. ನೋಡೋಣ ಅಂತ ಬರೆದುಕೊಡಿ ಅಂದೆ, ಬರೆದುಕೊಡಲಿಲ್ಲ." ಮೊಮ್ಮಗಳ ಕೈಯಿಂದ ಫೋನು ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಪಟ್ಟಿಯಲ್ಲಿ ಗುರುತಿಲ್ಲದ ಮುಂದಿನ ಹೆಸರಿನ ಮೇಲೆ ಬೆರಳಿಟ್ಟರು. "ಆಕ್ಷೇಪಣೆಗೆ ಇನ್ನೂ ಐದು ದಿನ ಇದೆ. ನೀವು ಅರ್ಜಿ ಬರೀತಾ ಇರಿ. ನಾನು ಇಲ್ಲೇ ಕೂತು ಫೋನು ಮಾಡ್ತೀನಿ."